ಗುಂಡು ಕೂರುವ ಆಳ ಪ್ರತಿ ತೋಟಾದಲ್ಲೂ ಒಂದೇ ಬರಬೇಕಾದರೆ

ಗುಂಡನ್ನು ಹಿತ್ತಾಳೆಯ ಕೇಸಿನೊಳಗೆ ಕೂರಿಸುವ ಡೈ ಅಲುಗಾಡಿಲ್ಲ. ಲಾಕ್ ರಿಂಗ್ ಬಿಗಿಯಾಗಿದೆ. ಪ್ರೆಸ್ಸಿನ ಹಿಡಿಯನ್ನು ಪ್ರತಿ ಸಲವೂ ಕೊನೆಯವರೆಗೆ ಎಳೆದಿದ್ದೀರಿ. ಆದರೂ ತುಂಬಿದ ತೋಟಾಗಳನ್ನು ಸಾಲಾಗಿಟ್ಟು ಕ್ಯಾಲಿಪರ್‌ನಲ್ಲಿ ಅಳೆದರೆ ಒಂದು 71.05 ಮಿ.ಮೀ., ಇನ್ನೊಂದು 71.22, ಮತ್ತೊಂದು 71.14. ರೈಫಲ್ ತೋಟಾಗಳನ್ನು ಕೈಯಾರೆ ತುಂಬಲು ಶುರುಮಾಡಿದವರೆಲ್ಲ ಒಂದಲ್ಲ ಒಂದು ದಿನ ಇಲ್ಲಿ ಬಂದು ನಿಲ್ಲುತ್ತಾರೆ. ನಾನು ಮೊದಲ ವರ್ಷವೆಲ್ಲ ಡೈಯೊಳಗೆ ಗುಂಡನ್ನು ಒತ್ತುವ ಸರಳನ್ನು, ಅಂದರೆ ಸ್ಟೆಮ್ ಅನ್ನು, ತಿರುಗಿಸುವುದರಲ್ಲೇ ಕಳೆದೆ. ಒಂದು ಉದ್ದ ಬಂತೆಂದು ಕೆಳಗಿಳಿಸುವುದು, ಮುಂದಿನದು ಗಿಡ್ಡ ಬಂತೆಂದು ಮೇಲೇರಿಸುವುದು. ಹಾಗೆ ಪ್ರತಿ ಅಳತೆಯ ಬೆನ್ನು ಹತ್ತಿದ್ದರಿಂದಲೇ ವ್ಯತ್ಯಾಸ ಇನ್ನಷ್ಟು ಹಿಗ್ಗಿತು.

ಡೈಯಲ್ಲಿ ದೋಷವಿರಲಿಲ್ಲ. ಡೈಯ ಸ್ಟೆಮ್ ಗುಂಡನ್ನು ಒಂದು ಜಾಗದಲ್ಲಿ ಮುಟ್ಟಿ ಒತ್ತುತ್ತದೆ. ನಾವು ಅಳೆಯುವುದು ಇನ್ನೊಂದು ಜಾಗದಲ್ಲಿ. ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಏಣುಗಳು, ಅಂದರೆ ರೈಫ್ಲಿಂಗ್, ಗುಂಡಿಗೆ ತಾಗುವುದು ಮೂರನೆಯ ಜಾಗದಲ್ಲಿ. ಈ ಮೂರರ ನಡುವಿನ ದೂರ ಒಂದೇ ಡಬ್ಬಿಯ ಗುಂಡುಗಳಲ್ಲೂ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಮುಂದೆ ಹೇಳುವುದೆಲ್ಲ ಈ ಮೂರು ಜಾಗಗಳ ಸುತ್ತಲೇ ಇದೆ, ಜೊತೆಗೆ ಕೇಸಿನ ಕುತ್ತಿಗೆಯ ಹಿಡಿತ.

ಮೊದಲು ಸುರಕ್ಷತೆ

ಆಳ ಬದಲಾದರೆ ಒತ್ತಡವೂ ಬದಲಾಗುತ್ತದೆ. ಗುಂಡು ಹೆಚ್ಚು ಒಳಗೆ ಇಳಿದರೆ ಮದ್ದಿಗೆ ಸಿಗುವ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಸಣ್ಣ ಕೇಸುಗಳಲ್ಲಿ ಈ ಪರಿಣಾಮ ಹೆಚ್ಚು. ಗುಂಡು ತೀರಾ ಹೊರಗಿದ್ದು ರೈಫ್ಲಿಂಗ್‌ಗೆ ಒತ್ತಿಕೊಂಡಿದ್ದರೂ ಒತ್ತಡ ಏರುತ್ತದೆ, ಏಕೆಂದರೆ ಗುಂಡಿಗೆ ಓಟ ಸಿಗುವ ಮೊದಲೇ ಅದು ತಡೆಗೆ ತಾಗಿರುತ್ತದೆ. ಆದ್ದರಿಂದ ಗುಂಡು, ಮದ್ದು ಅಥವಾ ಆಳ ಬದಲಿಸಿದಾಗ ಪ್ರಕಟಿತ ಲೋಡಿಂಗ್ ಕೈಪಿಡಿಯ ಆರಂಭಿಕ ತೂಕಕ್ಕೆ ಹಿಂತಿರುಗಿ, ಅಲ್ಲಿಂದ ಮೆಲ್ಲಗೆ ಏರಿ. ಕಣ್ಣಿಗೆ ಕನ್ನಡಕವಿರಲಿ. ಮೇಜಿನ ಮೇಲೆ ಒಂದು ಬಗೆಯ ಮದ್ದಿನ ಡಬ್ಬಿ ಮಾತ್ರ ತೆರೆದಿರಲಿ. ತೋಟಾ ತುಂಬಲು ಎಲ್ಲ ಕಡೆ ಅನುಮತಿ ಇರುವುದಿಲ್ಲ, ಕೆಲವು ಕಡೆ ಪರವಾನಗಿ ಬೇಕು. ನಿಮ್ಮಲ್ಲಿನ ಕಾನೂನು ತಿಳಿದುಕೊಂಡೇ ಸಾಮಾನು ತನ್ನಿ.

ತುದಿಯನ್ನು ನಂಬಬೇಡಿ

ಕೈಪಿಡಿಗಳಲ್ಲಿ ಕೊಡುವುದು ಒಟ್ಟು ಉದ್ದ, ಅಂದರೆ ಕೇಸಿನ ಬುಡದಿಂದ ಗುಂಡಿನ ತುದಿಯವರೆಗಿನ ಅಳತೆ. ಅಮೆರಿಕದ ಮಾನದಂಡ ಸಂಸ್ಥೆ ಸ್ಯಾಮಿಯ ಪ್ರಕಾರ .308 ವಿಂಚೆಸ್ಟರ್‌ಗೆ ಈ ಉದ್ದದ ಗರಿಷ್ಠ ಮಿತಿ 2.810 ಇಂಚು, ಅಂದರೆ 71.37 ಮಿ.ಮೀ.; .223 ರೆಮಿಂಗ್ಟನ್‌ಗೆ 2.260 ಇಂಚು, ಅಂದರೆ 57.40 ಮಿ.ಮೀ. ತೋಟಾ ಮ್ಯಾಗಜೀನ್‌ನಲ್ಲಿ ಹಿಡಿಸುತ್ತದೆಯೇ ಎಂದು ನೋಡಲು ಈ ಅಂಕಿ ಬೇಕೇ ಬೇಕು. ಆದರೆ ಆಳ ಒಂದೇ ಸಮ ಬಂದಿದೆಯೇ ಎಂದು ತಿಳಿಯಲು ಇದರಿಂದ ಪ್ರಯೋಜನವಿಲ್ಲ.

ಕಾರಣ ಗುಂಡಿನ ತುದಿಯೇ. ಸ್ಪರ್ಧೆಗೆಂದು ಮಾಡಿದ ಮ್ಯಾಚ್ ಗುಂಡುಗಳಲ್ಲಿ ತಾಮ್ರದ ಕವಚ ತುದಿಯಲ್ಲಿ ಬಂದು ಸೇರುತ್ತದೆ, ಅಲ್ಲೊಂದು ಸಣ್ಣ ರಂಧ್ರ ಉಳಿಯುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಆ ರಂಧ್ರದ ಅಂಚು ಎಲ್ಲಿಯೂ ಸಮವಾಗಿರುವುದಿಲ್ಲ. ಸೀಸದ ತುದಿ ಡಬ್ಬಿಯೊಳಗೇ ಜಜ್ಜಿಹೋಗಿರುತ್ತದೆ. ಪ್ಲಾಸ್ಟಿಕ್ ತುದಿಯ ಗುಂಡುಗಳು ಇವಕ್ಕಿಂತ ವಾಸಿ, ಆದರೂ ನಿಖರವಲ್ಲ. ತುದಿಯ ಈ ಏರುಪೇರು ನಳಿಗೆಗೆ ಲೆಕ್ಕಕ್ಕೇ ಇಲ್ಲ, ಏಕೆಂದರೆ ರೈಫ್ಲಿಂಗ್ ಮುಟ್ಟುವುದು ಗುಂಡಿನ ಮೂತಿ ಬಾಗುತ್ತಾ ಬಂದು ಪೂರ್ಣ ದಪ್ಪಕ್ಕೆ ಹತ್ತಿರವಾಗುವ ಕಡೆ. ಆ ಬಾಗಿದ ಭಾಗಕ್ಕೆ ಓಜೈವ್ ಎನ್ನುತ್ತಾರೆ. .308ರ ನಳಿಗೆಯಲ್ಲಿ ರೈಫ್ಲಿಂಗ್‌ನ ಎದುರುಬದುರಾದ ಏಣುಗಳ ನಡುವಿನ ಅಂತರ 7.62 ಮಿ.ಮೀ., ಗುಂಡಿನ ದಪ್ಪ 7.82 ಮಿ.ಮೀ. ಹಾಗಾಗಿ ಗುಂಡಿನ ಮೂತಿ ಸುಮಾರು 7.62 ಮಿ.ಮೀ. ದಪ್ಪವಾಗುವ ಜಾಗವೇ ನಮಗೆ ಮುಖ್ಯ.

ಆ ಜಾಗದಲ್ಲಿ ಅಳೆಯಲು ಕಂಪ್ಯಾರೇಟರ್ ಬೇಕು. ಇದು ಕ್ಯಾಲಿಪರ್‌ನ ದವಡೆಗೆ ಸ್ಕ್ರೂ ಹಾಕಿ ಕೂರಿಸುವ ತುಂಡು; ಅದರ ರಂಧ್ರದೊಳಗೆ ಗುಂಡಿನ ಮೂತಿ ಇಳಿದು ಓಜೈವ್ ಮೇಲೆ ನಿಲ್ಲುತ್ತದೆ. ಕೇಸಿನ ಬುಡದಿಂದ ಅಲ್ಲಿಯವರೆಗಿನ ಅಳತೆಯೇ ನಿಜವಾದ ಲೆಕ್ಕ. ಒಂದು ಎಚ್ಚರಿಕೆ: ಈ ಅಂಕಿ ನಿಮ್ಮ ಕಂಪ್ಯಾರೇಟರ್‌ಗೆ ಮಾತ್ರ ಸೇರಿದ್ದು. ಬೇರೊಬ್ಬರ ತುಂಡಿನ ರಂಧ್ರ ಕೂದಲೆಳೆಯಷ್ಟು ದೊಡ್ಡದಿದ್ದರೂ ಅವರ ಅಂಕಿ ಬೇರೆಯಾಗುತ್ತದೆ. ಅವರ ಅಂಕಿಗೆ ನಿಮ್ಮ ಡೈ ಹೊಂದಿಸುವುದು ತಪ್ಪಷ್ಟೇ ಅಲ್ಲ, ಅಪಾಯವೂ ಹೌದು.

ಹೆಜ್ಜೆ 1: ಅಳೆಯುವ ಕೈಯನ್ನು ಪರೀಕ್ಷಿಸಿ

ತೋಟಾಗಳನ್ನು ಹೋಲಿಸುವ ಮೊದಲು ಒಂದೇ ತೋಟಾವನ್ನು ಹತ್ತು ಸಲ ಅಳೆಯಿರಿ. ಪ್ರತಿ ಸಲ ಹೊರತೆಗೆದು ಮತ್ತೆ ಇಡಿ. ಸಾಮಾನ್ಯ ಡಿಜಿಟಲ್ ಕ್ಯಾಲಿಪರ್ 0.01 ಮಿ.ಮೀ. ತೋರಿಸಿದರೂ ಅದರ ನಿಖರತೆ 0.02 ಮಿ.ಮೀ. ಆಸುಪಾಸು. ಹತ್ತು ಅಳತೆಗಳಲ್ಲೇ 0.05 ಮಿ.ಮೀ. ಅಂತರ ಬಂದರೆ ತೋಟಾಗಳ ಮೇಲೆ ದೂರು ಹೇಳುವ ಹಾಗಿಲ್ಲ.

ತೋಟಾ ದವಡೆಗೆ ನೇರವಾಗಿ ನಿಲ್ಲಬೇಕು. ದವಡೆ ಮುಚ್ಚಿದ ಮೇಲೆ ತೋಟಾವನ್ನು ಸ್ವಲ್ಪ ತಿರುಗಿಸಿ, ಅದು ತಾನಾಗಿ ಸರಿಯಾದ ಜಾಗಕ್ಕೆ ಕೂರುತ್ತದೆ. ಹೆಬ್ಬೆರಳಿನ ಒತ್ತು ಪ್ರತಿ ಸಲ ಒಂದೇ ಇರಲಿ. ಕೇಸಿನ ಬುಡವನ್ನೂ ನೋಡಿ: ಖಾಲಿ ಕೇಸನ್ನು ಹೊರದಬ್ಬುವ ಎಜೆಕ್ಟರ್ ತಾಗಿ ಎದ್ದ ಸಣ್ಣ ಮುಳ್ಳು ಅಥವಾ ಬುಡದ ಮಟ್ಟಕ್ಕಿಂತ ಹೊರಗೆ ಉಳಿದ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಿಲ್ಲೆ) ಇದ್ದರೆ ಅಳತೆಯೇ ಸುಳ್ಳಾಗುತ್ತದೆ. ಹಾಗೆ ಹೊರಗೆ ಉಳಿದ ಪ್ರೈಮರ್ ಅಳತೆ ಕೆಡಿಸುವುದಕ್ಕಿಂತ ದೊಡ್ಡ ತೊಂದರೆ ತರಬಲ್ಲದು, ಆ ತೋಟಾವನ್ನು ರೈಫಲ್ಲಿನ ಚೇಂಬರ್‌ಗೆ ಹಾಕಬೇಡಿ.

ಹೆಜ್ಜೆ 2: ಸ್ಟೆಮ್ ಎಲ್ಲಿ ಮುಟ್ಟುತ್ತದೆ ನೋಡಿ

ಬಹಳ ಜನ ನೋಡದೇ ಬಿಡುವ ಜಾಗ ಇದು. ಡೈಯಿಂದ ಸ್ಟೆಮ್ ಬಿಚ್ಚಿ, ನೀವು ಬಳಸುವ ಗುಂಡನ್ನೇ ಅದರ ಬಟ್ಟಲಿಗೆ ತುದಿ ಕೆಳಗಾಗಿ ಇಳಿಸಿ. ಗುಂಡು ಅಂಚಿನ ಸುತ್ತ ಕೂತು ಗಟ್ಟಿಯಾಗಿ ನಿಂತರೆ ಸರಿ. ಅತ್ತಿತ್ತ ತೂಗಾಡಿದರೆ ತುದಿ ಬಟ್ಟಲಿನ ತಳಕ್ಕೆ ತಾಗುತ್ತಿದೆ ಎಂದರ್ಥ. ಆಗ ಡೈ ತುದಿಯನ್ನು ಒತ್ತಿ ಗುಂಡು ಕೂರಿಸುತ್ತದೆ. ತುದಿಯಲ್ಲಿರುವ ಏರುಪೇರೆಲ್ಲ ನೇರವಾಗಿ ಓಜೈವ್ ಅಳತೆಗೆ ಬಂದು ಸೇರುತ್ತದೆ. ಉದ್ದನೆಯ ಚೂಪು ಮೂತಿಯ ಗುಂಡುಗಳನ್ನು ಹಳೆಯ ಡೈಯಲ್ಲಿ ಕೂರಿಸುವಾಗ ಹೀಗಾಗುವುದು ಸಾಮಾನ್ಯ. ಡೈ ತಯಾರಕರು ಅಂಥ ಗುಂಡುಗಳಿಗೆಂದೇ ಆಳವಾದ ಬಟ್ಟಲಿನ ಸ್ಟೆಮ್ ಮಾಡುತ್ತಾರೆ, ಅದನ್ನು ತರಿಸಿಕೊಳ್ಳಿ.

ಇನ್ನೊಂದು ಪರೀಕ್ಷೆ: ಗುಂಡಿನ ಮೂತಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು, ಪ್ರೈಮರ್ ಮತ್ತು ಮದ್ದು ಇಲ್ಲದ ಖಾಲಿ ಕೇಸಿನಲ್ಲಿ ಕೂರಿಸಿ. ಬಣ್ಣ ಉಜ್ಜಿಹೋದ ಕಡೆ ಉಂಗುರದ ಗುರುತು ಕಾಣುತ್ತದೆ. ಉಂಗುರ ಸುತ್ತಲೂ ಪೂರ್ಣವಾಗಿದ್ದು ತುದಿಯಿಂದ ದೂರವಿದ್ದರೆ ಒಳ್ಳೆಯದು. ಅರ್ಧಚಂದ್ರದಂತಿದ್ದರೆ ಗುಂಡು ಓರೆಯಾಗಿ ಹೋಗುತ್ತಿದೆ. ಬಣ್ಣದ ಕೆಳಗೆ ತಾಮ್ರಕ್ಕೇ ಗೀರು ಬಿದ್ದಿದ್ದರೆ ಬಟ್ಟಲಿನ ಅಂಚು ಹರಿತವಾಗಿದೆ. ನುಣುಪು ಪಾಲಿಶ್ ಪೇಸ್ಟ್ ಹಚ್ಚಿದ ಒಂದು ಗುಂಡನ್ನು ಬಟ್ಟಲಿಗಿಟ್ಟು ಕೈಯಲ್ಲೇ ತಿರುಗಿಸಿದರೆ ಆ ಅಂಚು ಸವೆದು ನಯವಾಗುತ್ತದೆ. ಹರಿತ ಹೋದರೆ ಸಾಕು, ಬಟ್ಟಲು ಅಗಲವಾಗುವಷ್ಟು ಉಜ್ಜಬೇಡಿ. ಪೇಸ್ಟಿನ ಲವಲೇಶವೂ ಉಳಿಯದಂತೆ ತೊಳೆದು ಒರೆಸಿ. ಮುಂದೆಯೂ ಕೆಲಸಕ್ಕೆ ಕೂತಾಗಲೆಲ್ಲ ಬಟ್ಟಲಿನೊಳಗೆ ಹತ್ತಿ ಕಡ್ಡಿ ಆಡಿಸಿ. ಲೂಬ್ರಿಕೆಂಟು, ಸೀಸದ ಚೂರು ಅಲ್ಲಿ ಕೂತರೆ ಆಳ ತಾನಾಗಿ ಹೆಚ್ಚುತ್ತದೆ.

ಹೆಜ್ಜೆ 3: ಕೇಸಿನ ಕುತ್ತಿಗೆ

ಸ್ಟೆಮ್ ಸರಿಹೋದ ಮೇಲೆ ಉಳಿಯುವ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ಇಲ್ಲಿಂದ ಬರುತ್ತದೆ. ನನ್ನ ಅನುಭವದಲ್ಲಿ ಡೈಗೆ ಹಾಕುವ ಸಮಯದ ಅರ್ಧವನ್ನು ಕುತ್ತಿಗೆಗೆ ಕೊಟ್ಟರೂ ಫಲ ದುಪ್ಪಟ್ಟು.

ಕುತ್ತಿಗೆಯ ಒಳಅಳತೆ ಗುಂಡಿನ ದಪ್ಪಕ್ಕಿಂತ ಸ್ವಲ್ಪ ಕಿರಿದಾಗಿರುತ್ತದೆ, ಗುಂಡನ್ನು ಹಿಡಿದಿಡುವುದು ಆ ಬಿಗಿತವೇ. ಸಾಮಾನ್ಯವಾಗಿ ಇದು ಎರಡು ಥೌ ಆಸುಪಾಸು. ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ, 0.0254 ಮಿ.ಮೀ. ಒಂದು ಕೇಸು ಸಡಿಲವಾಗಿ, ಇನ್ನೊಂದು ಬಿಗಿಯಾಗಿ ಹಿಡಿದರೆ ಹಿಡಿಯ ಮೇಲೆ ಬೇಕಾಗುವ ಬಲ ಬದಲಾಗುತ್ತದೆ. ಬಲ ಹೆಚ್ಚಾದಾಗ ಪ್ರೆಸ್ಸಿನ ಚೌಕಟ್ಟು, ಕೀಲುಗಳು, ಡೈಯ ಥ್ರೆಡ್ ಎಲ್ಲವೂ ತುಸು ಮಣಿಯುತ್ತವೆ. ಉಕ್ಕಾದರೂ ಅದು ಸ್ಪ್ರಿಂಗಿನಂತೆಯೇ ವರ್ತಿಸುತ್ತದೆ. ಮಣಿದಷ್ಟೂ ಗುಂಡು ಒಳಗೆ ಹೋಗುವುದು ಕಡಿಮೆ, ಆ ತೋಟಾ ಉದ್ದ ಉಳಿಯುತ್ತದೆ. ಸ್ಟೆಮ್ಮಿನ ಅಂಚು ಕವಚದೊಳಗೆ ಊರಿದರೂ ಗುಂಡು ಅಷ್ಟು ಹೊರಗೇ ಉಳಿಯುತ್ತದೆ. ಎರಡೂ ಒಟ್ಟಿಗೆ ನಡೆಯುತ್ತಿದ್ದರೆ ಯಾವುದರಿಂದ ಎಷ್ಟು ಎಂದು ಅಂಕಿಗಳಿಂದ ತಿಳಿಯುವುದಿಲ್ಲ.

ಹಿಡಿತ ಒಂದೇ ಸಮ ಇರಲು ಕೇಸುಗಳು ಒಂದೇ ತಯಾರಿಕೆಯವು, ಒಂದೇ ಲಾಟಿನವು, ಒಂದೇ ಸಂಖ್ಯೆಯ ಬಾರಿ ಹಾರಿಸಿದವು ಆಗಿರಬೇಕು. ಹಿತ್ತಾಳೆ ಪ್ರತಿ ಸಲ ಹಿಗ್ಗಿ ಕುಗ್ಗಿದಂತೆ ಗಡುಸಾಗುತ್ತದೆ, ಗಡುಸಾದ ಕುತ್ತಿಗೆ, ಅದನ್ನು ಮತ್ತೆ ಕಿರಿದಾಗಿಸುವ ರೀಸೈಜ್ ಡೈಯಿಂದ ಹೊರಬಂದ ಮೇಲೆ ಹಿಂದಕ್ಕೆ ಸೆಟೆಯುತ್ತದೆ. ಎರಡು ಸಲ ಹಾರಿಸಿದ್ದನ್ನು ಎಂಟು ಸಲ ಹಾರಿಸಿದ್ದರ ಜೊತೆ ಬೆರೆಸಿ ಒಂದೇ ಆಳ ಬಯಸುವುದು ವ್ಯರ್ಥ. ಕುತ್ತಿಗೆಯನ್ನು ಕಾಯಿಸಿ ಮೆತ್ತಗಾಗಿಸುವ ಅನೀಲಿಂಗ್ ಇದಕ್ಕೆ ಪರಿಹಾರ. ಆದರೆ ಕಾಯಿಸುವುದು ಕುತ್ತಿಗೆ ಮತ್ತು ಭುಜವನ್ನು ಮಾತ್ರ. ಬುಡದ ಹಿತ್ತಾಳೆ ಮೆತ್ತಗಾದರೆ ಅದು ಒತ್ತಡ ತಡೆಯದೆ ಬಿರಿಯಬಹುದು. ಕೈ ಪಳಗುವವರೆಗೆ ಅನೀಲಿಂಗ್ ಬಿಟ್ಟು, ಕೇಸುಗಳನ್ನು ಹಾರಿಸಿದ ಸಂಖ್ಯೆಯ ಪ್ರಕಾರ ಬೇರೆ ಬೇರೆ ಡಬ್ಬಿಯಲ್ಲಿಡುವುದೇ ಮೇಲು.

ಕುತ್ತಿಗೆಯ ಒಳಮೈ ಸ್ಥಿತಿಯೂ ಅಷ್ಟೇ ಮುಖ್ಯ. ಸ್ಟೀಲ್ ಪಿನ್ ಹಾಕಿ ನೀರಿನಲ್ಲಿ ಉರುಳಿಸಿ ತೊಳೆದ ಕೇಸು ಕನ್ನಡಿಯಂತೆ ಹೊಳೆಯುತ್ತದೆ ನಿಜ, ಆದರೆ ಒಳಗಿದ್ದ ಮಸಿಯೂ ಹೋಗಿಬಿಡುತ್ತದೆ. ಆ ಮಸಿ ತೆಳುವಾದ ಒಣ ಜಾರುಪದರದಂತೆ ಕೆಲಸ ಮಾಡುತ್ತಿತ್ತು. ಬರಿ ಹಿತ್ತಾಳೆಗೆ ಬರಿ ತಾಮ್ರ ಉಜ್ಜಿದಾಗ ಗುಂಡು ತಡೆತಡೆದು ಇಳಿಯುತ್ತದೆ, ಆ ಕಿರುಗುಡುವಿಕೆ ಕೈಗೂ ತಿಳಿಯುತ್ತದೆ. ಮಸಿಯನ್ನು ಪೂರ್ತಿ ತೆಗೆಯದೆ ನೈಲಾನ್ ಬ್ರಷ್ ಎರಡು ಸಲ ಆಡಿಸಿ ಬಿಡಿ. ಅಷ್ಟೂ ತೊಳೆದಿದ್ದರೆ ಗ್ರಾಫೈಟ್ ಪುಡಿಯಲ್ಲಿ ಕುತ್ತಿಗೆಯನ್ನು ಅದ್ದಿ ಕೊಡವಿ. ಯಾವುದನ್ನೇ ಮಾಡಿ, ಎಲ್ಲ ಕೇಸಿಗೂ ಒಂದೇ ಥರ ಮಾಡಿ.

ಕೇಸುಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿ, ಬಾಯಿಯ ಒಳಅಂಚನ್ನು ಚೇಂಫರ್ ಮಾಡಿ, ಅಂದರೆ ಓರೆಯಾಗಿ ಕೆರೆದು ಹರಿತ ತೆಗೆಯಿರಿ. ಹರಿತ ಅಂಚು ಉಳಿದರೆ ಅದು ಗುಂಡಿನ ಕವಚವನ್ನು ಕೆರೆದು, ಸಿಪ್ಪೆಯಂಥ ತಾಮ್ರದ ಎಳೆ ಬಾಯಿಯ ಬಳಿ ಕಾಣುತ್ತದೆ. ಬುಡ ಚಪ್ಪಟೆಯಾದ ಗುಂಡುಗಳಿಗೆ ಇದು ಇನ್ನೂ ಹೆಚ್ಚು ಅಗತ್ಯ, ಏಕೆಂದರೆ ಬುಡ ಕಿರಿದಾಗುವ ಬೋಟ್ ಟೇಲ್ ಗುಂಡಿನ ಹಾಗೆ ಅವುಗಳ ಬುಡ ತಾನಾಗಿ ದಾರಿ ಮಾಡಿಕೊಳ್ಳುವುದಿಲ್ಲ.

ಹೆಜ್ಜೆ 4: ಡೈ ಮತ್ತು ಪ್ರೆಸ್ ಹೊಂದಿಸುವುದು

ರೀಸೈಜ್ ಆದ ಖಾಲಿ ಕೇಸನ್ನು, ಅದರ ಬುಡ ಹಿಡಿಯುವ ಶೆಲ್ ಹೋಲ್ಡರ್‌ನಲ್ಲಿಟ್ಟು, ಹಿಡಿ ಎಳೆದಾಗ ಮೇಲೇರುವ ರ‍್ಯಾಮನ್ನು ಪೂರ್ತಿ ಮೇಲೇರಿಸಿ. ಸ್ಟೆಮ್ಮನ್ನು ಸಾಕಷ್ಟು ಮೇಲಕ್ಕೆ ಬಿಚ್ಚಿಟ್ಟು, ಡೈಯನ್ನು ಕೇಸಿನ ಬಾಯಿ ಒಳಗಿನ ಕ್ರಿಂಪ್ ಮೆಟ್ಟಿಲಿಗೆ (ಬಾಯಿಯನ್ನು ಗುಂಡಿನ ಮೇಲೆ ಮಡಚುವ ಅಂಚು) ತಾಗುವವರೆಗೆ ಇಳಿಸಿ. ತಾಗಿದ್ದು ಕೈಗೆ ತಿಳಿದ ಕೂಡಲೇ ಒಂದು ಪೂರ್ತಿ ಸುತ್ತು ಹಿಂದಕ್ಕೆ ತಿರುಗಿಸಿ. ಸಾಮಾನ್ಯ ಡೈಗಳಲ್ಲಿ ಇಂಚಿಗೆ 14 ಥ್ರೆಡ್ ಇರುವುದರಿಂದ ಒಂದು ಸುತ್ತು ಎಂದರೆ ಸುಮಾರು 1.8 ಮಿ.ಮೀ. ಹೀಗೆ ಹಿಂದೆ ಸರಿಸದಿದ್ದರೆ ಕೊಂಚ ಉದ್ದವಿರುವ ಕೇಸುಗಳ ಬಾಯಿ ಗೊತ್ತಿಲ್ಲದೆ ಮಡಚಿಕೊಂಡು, ಅವುಗಳಲ್ಲಿ ಮಾತ್ರ ಆಳವೂ ಹಿಡಿತವೂ ಬೇರೆಯಾಗುತ್ತವೆ.

ಲಾಕ್ ರಿಂಗ್ ಬಿಗಿಗೊಳಿಸುವಾಗ ಡೈಯೊಳಗೆ ಕೇಸು ಇದ್ದರೆ ಡೈ ನಡುವಿಗೆ ಕೂರುತ್ತದೆ. ಶೆಲ್ ಹೋಲ್ಡರ್‌ನ ತೋಡಿನಲ್ಲಿ ಮದ್ದಿನ ಒಂದು ಕಾಳು ಸಿಕ್ಕಿಕೊಂಡರೂ ಕೇಸು ಅಷ್ಟು ಎತ್ತರಕ್ಕೆ ನಿಲ್ಲುತ್ತದೆ, ಹಲ್ಲುಜ್ಜುವ ಹಳೆಯ ಬ್ರಷ್ ಪಕ್ಕದಲ್ಲಿರಲಿ. ಕೀಲುಗಳಿಗೆ ಎಣ್ಣೆ ಬಿಡಿ.

ಹಿಡಿಯನ್ನು ಎಳೆಯುವ ರೀತಿ ಒಂದೇ ಇರಬೇಕು: ಒಂದೇ ವೇಗ, ಪ್ರತಿ ಸಲ ಪ್ರೆಸ್ಸಿನ ಕೊನೆಯ ತಡೆಯವರೆಗೆ, ಅಲ್ಲಿ ಒಂದೆರಡು ಸೆಕೆಂಡು ನಿಲುಗಡೆ. ಮದ್ದು ಕುತ್ತಿಗೆಯವರೆಗೂ ತುಂಬಿ ಗುಂಡಿನ ಬುಡಕ್ಕೆ ಒತ್ತಿಕೊಳ್ಳುವ ಲೋಡುಗಳಲ್ಲಿ ಈ ನಿಲುಗಡೆ ಇನ್ನೂ ಮುಖ್ಯ. ಅಂಥವು ಡೈಯಿಂದ ಹೊರಬಂದ ಮೇಲೂ ಮದ್ದಿನ ಒತ್ತಿಗೆ ತುಸು ಮೇಲೇಳಬಹುದು, ಮರುದಿನ ಇನ್ನೊಮ್ಮೆ ಅಳೆದು ನೋಡಿ.

ಹೆಜ್ಜೆ 5: ಕೂರಿಸುವುದು

ಮೊದಲ ತೋಟಾವನ್ನು ಬೇಕಾದ ಉದ್ದಕ್ಕಿಂತ ಅರ್ಧ ಮಿಲಿಮೀಟರ್ ಉದ್ದವಾಗಿ ಕೂರಿಸಿ. ಓಜೈವ್ ಅಳತೆ ತೆಗೆದು ಉಳಿದ ಅಂತರದ ಅರ್ಧ ಮಾತ್ರ ಇಳಿಸಿ, ಮತ್ತೆ ಒತ್ತಿ, ಮತ್ತೆ ಅಳೆಯಿರಿ. ಮೈಕ್ರೋಮೀಟರ್ ಡೈಯಾದರೆ ಒಂದೊಂದು ಗೀಟೂ ಒಂದು ಥೌ. ಅದಿಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ, ಸ್ಟೆಮ್ ತಿರುಗಿಸುವಾಗ ಇನ್ನಷ್ಟು ತಾಳ್ಮೆ ಬೇಕು ಅಷ್ಟೇ. ಆಳ ಸಿಕ್ಕಿದ ಮೇಲೆ ಇನ್ನೂ ನಾಲ್ಕು ತುಂಬಿ ಐದನ್ನೂ ಅಳೆಯಿರಿ. ಐದರ ನಡುವಿನ ಮೌಲ್ಯ ಗುರಿಗೆ ಹೊಂದಿದರೆ ಡೈಯಿಂದ ಕೈ ತೆಗೆಯಿರಿ. ಆಮೇಲೆ ಒಂದು ತೋಟಾ ಒಂದು ಥೌ ಹೆಚ್ಚು ಬಂತೆಂದು ತಿರುಗಿಸಲು ಹೋಗಬೇಡಿ.

ಕೈಯ ಮಾತು ಕೇಳಿ. ಒಂದು ಗುಂಡು ತೀರಾ ಸಲೀಸಾಗಿ ಜಾರಿದರೆ ಅಥವಾ ಹೆಚ್ಚು ಬಲ ಕೇಳಿದರೆ ಆ ತೋಟಾವನ್ನು ಪಕ್ಕಕ್ಕಿಡಿ. ಅಳತೆ ಸರಿ ಬಂದಿದ್ದರೂ ಅದು ಉಳಿದವುಗಳ ಜೊತೆಗಾರನಲ್ಲ. ನಾನು ಇವನ್ನು ಗುರಿ ಹೊಂದಿಸುವ ಮೊದಲ ಹೊಡೆತಗಳಿಗೆ ಬಳಸುತ್ತೇನೆ. ಆದರೆ ಬೆರಳಿನಿಂದ ಒತ್ತಿದರೇ ಜರುಗುವ ಗುಂಡಿದ್ದರೆ ಅದನ್ನು ಹಾರಿಸದೆ ಬಿಚ್ಚಿಬಿಡಬೇಕು.

ಉದ್ದ ಉಳಿದ ತೋಟಾವನ್ನು ಇನ್ನೊಮ್ಮೆ ಒತ್ತಿ ಸರಿಪಡಿಸಬಹುದು. ಗಿಡ್ಡವಾದದ್ದನ್ನು ಪುಲ್ಲರ್ ಸುತ್ತಿಗೆಯಿಂದ ತಟ್ಟಿ ಸ್ವಲ್ಪ ಹೊರಗೆಳೆದು ಮತ್ತೆ ಒತ್ತುವ ಅಭ್ಯಾಸ ಕೆಲವರಿಗಿದೆ. ಅಳತೆ ಸಿಗುತ್ತದೆ, ಆದರೆ ಆ ಕುತ್ತಿಗೆಯ ಹಿಡಿತ ಆಗಲೇ ಸಡಿಲವಾಗಿರುತ್ತದೆ. ಪೂರ್ತಿ ಬಿಚ್ಚಿ, ಕುತ್ತಿಗೆಯನ್ನು ಮತ್ತೆ ಹೊಂದಿಸಿ ಮೊದಲಿನಿಂದ ತುಂಬುವುದೇ ಸರಿ.

ಇಷ್ಟಾದರೂ ಅಂಕಿ ಒಂದಾಗದಿದ್ದರೆ

ಒಟ್ಟು ಉದ್ದ ಒಂದೇ ಬರುತ್ತಿದೆ, ಓಜೈವ್ ಅಳತೆ ಬದಲಾಗುತ್ತಿದೆ ಎಂದರೆ ಸ್ಟೆಮ್ ಇನ್ನೂ ತುದಿಗೇ ತಾಗುತ್ತಿದೆ. ಓಜೈವ್ ಅಳತೆ ಸರಿ ಇದ್ದು ಒಟ್ಟು ಉದ್ದ ಮಾತ್ರ ಏರುಪೇರಾದರೆ ಅದು ತುದಿಗಳ ವ್ಯತ್ಯಾಸ, ಮ್ಯಾಗಜೀನ್‌ನಲ್ಲಿ ಹಿಡಿಸಿದರೆ ಸಾಕು. ಎರಡೂ ಬದಲಾಗುತ್ತಿದ್ದರೆ ಕುತ್ತಿಗೆಗೆ ಹಿಂತಿರುಗಿ.

ಗುಂಡುಗಳನ್ನೇ ಬುಡದಿಂದ ಓಜೈವ್‌ವರೆಗೆ ಅಳೆದು ವಿಂಗಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಹಲವರು ನಂಬುತ್ತಾರೆ. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಆ ಅಳತೆ ಬದಲಾದರೆ ಗುಂಡಿನ ಎಷ್ಟು ಭಾಗ ಕೇಸಿನೊಳಗೆ ಇರುತ್ತದೆ ಎಂಬುದು ಬದಲಾಗುತ್ತದೆ. ತೋಟಾದ ಓಜೈವ್ ಅಳತೆಯನ್ನು ಕೆಡಿಸುವುದು ಬೇರೆಯೇ ದೂರ: ಸ್ಟೆಮ್ ಮುಟ್ಟುವ ಜಾಗದಿಂದ ಕಂಪ್ಯಾರೇಟರ್ ಮುಟ್ಟುವ ಜಾಗದವರೆಗಿನದು. ಗುಂಡನ್ನು ಎರಡು ಬೇರೆ ಬೇರೆ ರಂಧ್ರದ ಕಂಪ್ಯಾರೇಟರ್ ತುಂಡುಗಳ ನಡುವೆ ಹಿಡಿಯುವ ಉಪಕರಣಗಳು ಇದನ್ನು ಅಳೆಯುತ್ತವೆ. ದೂರದ ಗುರಿಯ ಸ್ಪರ್ಧೆಗೆ ಹೋಗುವವರಿಗೆ ಆ ಶ್ರಮ ಸಾರ್ಥಕ. ಉಳಿದವರು ಒಂದೇ ಲಾಟಿನ ಗುಂಡು ಬಳಸಿ, ಲಾಟುಗಳನ್ನು ಬೆರೆಸದಿದ್ದರೆ ಸಾಕು.

ಎಷ್ಟು ನಿಖರತೆ ಸಾಕು? ಓಜೈವ್ ಅಳತೆ ಗುರಿಯಿಂದ ಒಂದು ಥೌ ಆಚೀಚೆ ಬಂದರೆ ಅದು ತುಂಬ ಒಳ್ಳೆಯ ಕೆಲಸ. ಎರಡು ಥೌ ಆಚೀಚೆ ಬಂದರೂ ಬಹುತೇಕ ರೈಫಲ್‌ಗಳಲ್ಲಿ ಗುರಿಯ ಕಾಗದದ ಮೇಲೆ ವ್ಯತ್ಯಾಸ ಕಾಣುವುದು ಕಷ್ಟ. ಗುಂಡು ತಯಾರಿಸುವ ಬರ್ಗರ್ ಕಂಪನಿ ತನ್ನ ಉದ್ದ ಚೂಪು ಮೂತಿಯ ವಿಎಲ್‌ಡಿ ಗುಂಡುಗಳಿಗೆ ಸರಿಯಾದ ಆಳ ಹುಡುಕಲು 40 ಥೌಗಳ, ಅಂದರೆ ಸುಮಾರು ಒಂದು ಮಿಲಿಮೀಟರಿನ ಹೆಜ್ಜೆಗಳನ್ನು ಸೂಚಿಸುತ್ತದೆ. ಮೊದಲು ಆ ದೊಡ್ಡ ಹೆಜ್ಜೆಗಳಲ್ಲಿ ನಿಮ್ಮ ರೈಫಲ್‌ಗೆ ಒಗ್ಗುವ ಜಾಗ ಹುಡುಕಿ, ಆಮೇಲೆ ಆ ಜಾಗದಲ್ಲಿ ಸಮತೆಗಾಗಿ ದುಡಿಯಿರಿ. ಒಗ್ಗದ ಆಳವನ್ನು ಎಷ್ಟು ನಿಖರವಾಗಿ ಮರುಕಳಿಸಿದರೂ ಗುರಿಯ ಕಾಗದದ ಮೇಲೆ ಹೊಡೆತಗಳ ಗುಂಪು ಚದುರಿಯೇ ಇರುತ್ತದೆ.

ಗುಂಡು ರೈಫ್ಲಿಂಗ್‌ಗೆ ತಾಗುವ ಉದ್ದ ನಿಮ್ಮ ಚೇಂಬರ್‌ಗೆ ಎಷ್ಟೆಂದು ಥ್ರೆಡ್ ಕೊರೆದ ಕೇಸು ಮತ್ತು ಸರಳಿನ ಗೇಜಿನಿಂದ ತಿಳಿಯಬಹುದು. ಗುಂಡನ್ನು ಮೆಲ್ಲಗೆ ತಳ್ಳಿ, ತಾಗಿದ ಕೂಡಲೇ ನಿಲ್ಲಿಸಿ, ಐದಾರು ಸಲ ಅಳೆದು ನೋಡಿ. ಬೇಟೆಗೆ ಅಥವಾ ಬಯಲಿನ ಬಳಕೆಗೆ ಆ ಉದ್ದಕ್ಕಿಂತ ಕನಿಷ್ಠ ಅರ್ಧ ಮಿಲಿಮೀಟರ್ ಹಿಂದೆ ಇರುವುದು ಕ್ಷೇಮ. ರೈಫ್ಲಿಂಗ್‌ಗೆ ಒತ್ತಿಕೊಂಡ ತೋಟಾವನ್ನು ಹಾರಿಸದೆ ಹೊರತೆಗೆಯಲು ಹೋದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡು ಮದ್ದು ಬೋಲ್ಟಿನ ಸುತ್ತ ಚೆಲ್ಲಬಹುದು. ನಳಿಗೆಯ ಗಂಟಲು ಸವೆದಂತೆ ರೈಫ್ಲಿಂಗ್ ಮುಂದಕ್ಕೆ ಸರಿಯುತ್ತದೆ, ಆದ್ದರಿಂದ ಕೆಲವು ನೂರು ಹೊಡೆತಗಳಿಗೊಮ್ಮೆ ಈ ಅಳತೆಯನ್ನು ಹೊಸದಾಗಿ ತೆಗೆಯಿರಿ.

ಪುಸ್ತಕದಲ್ಲಿ ಪ್ರತಿ ಸಲ ಬರೆಯಬೇಕಾದ್ದು: ಗುಂಡಿನ ಲಾಟ್ ಸಂಖ್ಯೆ, ಕೇಸು ಎಷ್ಟನೆಯ ಸಲದ್ದು, ಕಂಪ್ಯಾರೇಟರ್‌ನ ಯಾವ ತುಂಡು, ಸ್ಟೆಮ್ ಯಾವುದು, ಮೈಕ್ರೋಮೀಟರ್ ಓದು, ಐದು ತೋಟಾಗಳ ಓಜೈವ್ ಅಳತೆ. ಜೊತೆಗೆ ಆ ಲೋಡಿನ ಒಂದು ಗುಂಡನ್ನು, ಪ್ರೈಮರ್ ಮತ್ತು ಮದ್ದು ಇಲ್ಲದ ಕೇಸಿನಲ್ಲಿ ಸರಿಯಾದ ಆಳಕ್ಕೆ ಕೂರಿಸಿ ಮಾದರಿಯಾಗಿ ಇಟ್ಟುಕೊಳ್ಳಿ. ಕೇಸಿಗೆ ಅಡ್ಡ ರಂಧ್ರ ಕೊರೆದಿಟ್ಟರೆ ನಿಜವಾದ ತೋಟಾಗಳ ಜೊತೆ ಬೆರೆಯುವ ಭಯವಿಲ್ಲ. ಮುಂದಿನ ಸಲ ಡೈ ಹಾಕಿದಾಗ ಕ್ಯಾಲಿಪರ್ ಸೊನ್ನೆ ಮಾಡಿ ಮೊದಲು ಆ ಮಾದರಿಯನ್ನೇ ಅಳೆಯಿರಿ. ಪುಸ್ತಕದಲ್ಲಿ ಬರೆದ ಅಂಕಿ ಬಾರದಿದ್ದರೆ ಕಂಪ್ಯಾರೇಟರ್ ಸರಿಯಾಗಿ ಕೂತಿಲ್ಲ. ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದ ಮೇಲಷ್ಟೇ ಮೊದಲ ಗುಂಡನ್ನು ಕೈಗೆತ್ತಿಕೊಳ್ಳಿ.